ಗುಡ್ಡೆ ಇದ್ದ ಜಾಗ

ಹುಲ್ಲುಗಾವಲಿನಲ್ಲಿ ದಾರಿ ತೋರಿಸುವುದು ಎಂಥ ತಲೆನೋವು ಎಂದು, ಆ ಕೆಲಸ ಒಪ್ಪಿಕೊಳ್ಳುವ ಮುಂಚೆ ನನಗೆ ಯಾರೂ ಹೇಳಲಿಲ್ಲ. ಪೇಟೆಯಲ್ಲಾದರೆ ಗೋಡೆಗಳಿರುತ್ತವೆ, ಅಂಗಡಿಯ ಬೋರ್ಡುಗಳಿರುತ್ತವೆ, ಫೋನಿನ ಕ್ಯಾಮೆರಾ ಅವುಗಳನ್ನು ನೋಡಿ ತಾನು ಎಲ್ಲಿದ್ದೇನೆಂದು ಕಂಡುಕೊಳ್ಳುತ್ತದೆ. ಬಿ.ಜಿ. ಕೆರೆಯಿಂದ ಒಳಕ್ಕೆ ಹೋದರೆ ಸಿಗುವ ಆ ಕಾವಲಿನಲ್ಲಿ ಇದ್ದದ್ದು ಹುಲ್ಲು, ಹುಲ್ಲಿನಾಚೆ ಇನ್ನಷ್ಟು ಹುಲ್ಲು, ಅಲ್ಲಲ್ಲಿ ಕಾರೆ ಗಿಡ, ನೆತ್ತಿಯ ಮೇಲೆ ಬಿಸಿಲು. ಅಲ್ಲಿ ಫೋನೂ ನನ್ನ ಹಾಗೆಯೇ ಕಣ್ಣು ಕಣ್ಣು ಬಿಡುತ್ತಿತ್ತು.

ಕೆಲಸ ಇಷ್ಟು. ಕಾವಲು ನೋಡಲು ಬರುವವರಿಗಾಗಿ ಒಂದು ಕಾಲುದಾರಿ ಸಿದ್ಧವಾಗುತ್ತಿತ್ತು. ಉದ್ದಕ್ಕೂ ಬೋರ್ಡು ನೆಟ್ಟರೆ ನೋಟ ಕೆಡುತ್ತದೆಂದು ದಾರಿ ತೋರಿಸುವ ಹೊಣೆಯನ್ನು ಫೋನಿಗೆ ವಹಿಸಿದ್ದರು. ಬಂದವರು ಫೋನನ್ನು ಎದುರಿಗೆ ಹಿಡಿದರೆ, ಪರದೆಯಲ್ಲಿ ಕಾಣುವ ನಿಜವಾದ ನೆಲದ ಮೇಲೆ ಒಂದು ಹಳದಿ ಬಾಣ ಮೂಡಿ ಇತ್ತ ತಿರುಗಿ, ಅತ್ತ ನಡೆಯಿರಿ ಎನ್ನಬೇಕು. ನಕ್ಷೆಯನ್ನು ಮುಟ್ಟಿದರೆ ಆ ಜಾಗದ ಹಕ್ಕಿ, ಹುಲ್ಲು, ಕೃಷ್ಣಮೃಗಗಳ ವಿಷಯ ತೆರೆದುಕೊಳ್ಳಬೇಕು. ಇದಕ್ಕೆ ಆಗ್ಮೆಂಟೆಡ್ ರಿಯಾಲಿಟಿ ಎನ್ನುತ್ತಾರೆ. ಚಳ್ಳಕೆರೆಯಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಅಬ್ಬಾ, "ಇಲ್ಲದ್ದನ್ನ ಇರೋದ್ರ ಮೇಲೆ ಅಂಟಿಸೋ ಕೆಲಸ" ಎನ್ನುತ್ತಾರೆ. ಅದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಯಾವ ಸಭೆಯಲ್ಲೂ ಕೇಳಿಲ್ಲ.

ಪ್ರೋಗ್ರಾಂ ಬರೆಯುವವರು ಕಚೇರಿಯ ಫ್ಯಾನಿನ ಕೆಳಗಿದ್ದರು. ನೆಲದ ಮೇಲೆ ನಡೆದು ಸ್ಕ್ಯಾನ್ ಮಾಡುವವಳು ನಾನು. ಜಿ.ಪಿ.ಎಸ್. ಒಂದನ್ನೇ ನಂಬುವ ಹಾಗಿರಲಿಲ್ಲ, ಅದು ಕೆಲವು ಹೆಜ್ಜೆ ಅತ್ತಿತ್ತ ಓಲಾಡುತ್ತದೆ. ಕ್ಯಾಮೆರಾ ನೆಲವನ್ನು ನೋಡುತ್ತಾ ನಾವು ನಡೆದ ದೂರವನ್ನು ಅಂದಾಜು ಮಾಡುತ್ತದೆ, ನಿಜ. ಆದರೆ ಗಾಳಿಗೆ ಹುಲ್ಲು ಬಾಗಿದರೆ ನಾವೇ ಸರಿದೆವೆಂದು ತಿಳಿದು ಮೋಸ ಹೋಗುತ್ತದೆ. ಹಾಗಾಗಿ ದಾರಿಯಲ್ಲಿ ಅಲ್ಲಲ್ಲಿ ಅಲುಗಾಡದ ಗುರುತುಗಳು ಬೇಕು. ಅವುಗಳಿಗೆ ಆಂಕರ್ ಎನ್ನುತ್ತೇವೆ. ಆಂಕರ್ ಕಂಡ ಕೂಡಲೇ ಫೋನು ತನ್ನ ತಪ್ಪನ್ನು ತಿದ್ದಿಕೊಂಡು, ಬಾಣವನ್ನು ಸರಿಯಾದ ಕಡೆ ಇಡುತ್ತದೆ.

ಪ್ರವೇಶದ ಹತ್ತಿರ ಒಂದು ದೊಡ್ಡ ಬಂಡೆಯಿತ್ತು, ಕೊನೆಯಲ್ಲಿ ದನಕುರಿ ನೀರು ಕುಡಿಯುವ ಗೋಕಟ್ಟೆಯ ಕಲ್ಲಿನ ಏರಿಯಿತ್ತು. ನಡುವೆ, ದಾರಿ ಕವಲೊಡೆಯುವ ಕಡೆ, ಸೊಂಟದೆತ್ತರದ ಒಂದು ಕಲ್ಲಿನ ಗುಡ್ಡೆ. ಬಲಕ್ಕೆ ಹೋದರೆ ಗೋಕಟ್ಟೆ, ಎಡಕ್ಕೆ ಹೋದರೆ ಮುಳ್ಳಿನ ಹಳ್ಳ. ಬಾಣ ತಪ್ಪಲೇಬಾರದ ಜಾಗದಲ್ಲೇ ಗುಡ್ಡೆ ಸಿಕ್ಕಿದ್ದಕ್ಕೆ ನಾನು ಕುಣಿದಾಡಿದೆ. ಬೆಳಗಿನ ಎಳೆ ಬಿಸಿಲಿನಲ್ಲಿ ನನ್ನ ನೆರಳು ಬೀಳದ ಹಾಗೆ ಫೋನು ಹಿಡಿದು, ಒಮ್ಮೆ ಬಗ್ಗಿ, ಒಮ್ಮೆ ನಿಂತು, ಒಮ್ಮೆ ಕೈಯೆತ್ತಿ ಅದರ ಸುತ್ತ ನಿಧಾನವಾಗಿ ಸುತ್ತಿದೆ. ಕಲ್ಲುಗಳ ಅಂಚು, ಬಣ್ಣ, ಸಂದುಗಳೆಲ್ಲ ಸಾವಿರಾರು ಚುಕ್ಕೆಗಳಾಗಿ ಫೋನಿನೊಳಗೆ ಕೂತವು. ಬಾಣ ಬಲಕ್ಕೆ ತಿರುಗಿತು.

ಮುಂದಿನ ವಾರ ಹೋದಾಗ ಅದೇ ಬಾಣ ನನ್ನನ್ನು ಹಳ್ಳದ ಕಡೆ ಕಳಿಸಿತು.

ಮೊದಲು ಗಾಳಿಯನ್ನು ಬೈದೆ. ಆಮೇಲೆ ಬಿಸಿಲನ್ನು ಬೈದೆ, ಏಕೆಂದರೆ ಫೋನು ಕಾದು ಪರದೆ ಮಂಕಾಗುತ್ತಿತ್ತು. ಒದ್ದೆ ಬಟ್ಟೆ ಸುತ್ತಿ ತಣ್ಣಗೆ ಮಾಡಿ ನೋಡಿದೆ. ಫೋನು ಬದಲಿಸಿದೆ, ಹೊಸದಾಗಿ ಸ್ಕ್ಯಾನ್ ಮಾಡಿದೆ. ಕೆಲವು ದಿನ ಸರಿಯಾಗಿದ್ದು ಮತ್ತೆ ಕೈಕೊಟ್ಟಿತು. ಕೊನೆಗೆ ಹಳೆಯ ಸ್ಕ್ಯಾನ್ ಮತ್ತು ಹೊಸ ಸ್ಕ್ಯಾನ್ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದಾಗ ಗೊತ್ತಾಯಿತು, ಗುಡ್ಡೆ ಬೆಳೆಯುತ್ತಿತ್ತು. ತುದಿ ಬೇರೆಯಾಗಿತ್ತು, ಪಕ್ಕಕ್ಕೆ ಹೊಸ ಕಲ್ಲುಗಳು ಕೂತಿದ್ದವು, ಫೋನಿಗೆ ಅದರ ಗುರುತೇ ಸಿಗುತ್ತಿರಲಿಲ್ಲ. ಯಾರೋ ತಮಾಷೆ ಮಾಡುತ್ತಿದ್ದಾರೆಂದು ನನಗೆ ಪಿತ್ತ ನೆತ್ತಿಗೇರಿತು. ಹಿಡಿದೇ ತೀರುತ್ತೇನೆಂದು ಕಾರೆ ಗಿಡದ ನೆರಳಿನಲ್ಲಿ ಕೂತೆ.

ಬಂದದ್ದು ಕುರಿಗಳು. ಹಿಂದೆ ಒಬ್ಬ ಹೆಂಗಸು, ನನ್ನ ಅಕ್ಕನಾಗಬಹುದಾದ ವಯಸ್ಸು, ಹೆಗಲ ಮೇಲೆ ಗಂಡಸರ ಕರಿ ಕಂಬಳಿ. ಸೆರಗಿನಿಂದ ಒಂದು ಕಲ್ಲು ತೆಗೆದು ಗುಡ್ಡೆಯ ಮೇಲಿಟ್ಟು, "ಬಂದು ಹೋದೆ" ಎಂದು ಹೇಳಿ, ಕುರಿಗಳ ಹಿಂದೆ ಹೊರಟಳು.

"ಯಾಕ್ರೀ ಅಲ್ಲಿ ಕಲ್ಲಿಡ್ತೀರಿ?" ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

ಅವಳು ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನ್ಯಾಕೆ ಇಡ್ದಂಗೆ ಹೋಗ್ತೀಯಾ? ನಾನೂ ನೋಡ್ತಾನೇ ಇದೀನಿ. ಫೋನ್ ಹಿಡ್ಕಂಡು ಸುತ್ತ ಪ್ರದಕ್ಷಿಣೆ ಹಾಕ್ತೀಯಾ, ಬಗ್ಗಿ ಬಗ್ಗಿ ಏಳ್ತೀಯಾ. ಒಂದ್ ಕಲ್ಲು ಇಡಾಕೆ ಏನ್ ಕಷ್ಟ ನಿಂಗೆ?"

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

ಆ ಗುಡ್ಡೆ ಅವಳ ಗಂಡನದು. ಹೋದ ವರ್ಷದ ಮೊದಲ ಮಳೆಯಲ್ಲಿ ಕುರಿ ಕಾಯುತ್ತಿದ್ದಾಗ ಅವನಿಗೆ ಅಲ್ಲಿಯೇ ಸಿಡಿಲು ಬಡಿದಿತ್ತು. "ಹೂತಿರಾದು ಹಟ್ಟಿ ಹತ್ರ. ಅಲ್ಲಿ ಮೈ ಐತೆ ಅಷ್ಟೇ. ಜೀವ ಹೋಗಿದ್ದು ಇಲ್ಲಿ ಕಣವ್ವ. ನಾನು ಗೋಕಟ್ಟೆ ಏರಿ ಮೇಲಿದ್ದೆ. ಕುರಿ ಬಿಟ್ಟು ಓಡಿ ಬಾರೋ ಅಂತ ಕೂಗ್ದೆ. ಮರಿ ಎತ್ಕಂಡು ಬರ್ತೀನಿ ಅಂತ ಕೈ ಮಾಡ್ದ." ಅಷ್ಟು ಹೇಳಿ ಅವಳು ಕಂಬಳಿ ಸರಿ ಮಾಡಿಕೊಂಡಳು. ಬಯಲಿನಲ್ಲಿ ಅಕಾಲಕ್ಕೆ ಜೀವ ಹೋದ ಜಾಗದಲ್ಲಿ ಹಾದು ಹೋಗುವವರು ಒಂದೊಂದು ಕಲ್ಲಿಟ್ಟು 'ಬಂದು ಹೋದೆ' ಎನ್ನಬೇಕು. ಇಲ್ಲದಿದ್ದರೆ ಹೋದವನಿಗೆ ತನ್ನನ್ನು ಒಬ್ಬನನ್ನೇ ಬಿಟ್ಟರು ಅನ್ನಿಸುತ್ತದಂತೆ. ಹತ್ತಿರ ಬಿದ್ದ ಕಲ್ಲು ಇಡುವ ಹಾಗಿಲ್ಲ, ಬರುವ ದಾರಿಯಲ್ಲಿ ಆರಿಸಿ ಹೊತ್ತು ತರಬೇಕು.

ಯೋಜನೆಯ ಮೇಲ್ವಿಚಾರಕರಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವರು ಕೆಟ್ಟ ಮನುಷ್ಯರೇನಲ್ಲ, ಆದರೆ ಉದ್ಘಾಟನೆ ಹತ್ತಿರವಾಗಿ ಕುತ್ತಿಗೆಗೆ ಬಂದಿತ್ತು. "ಮೇಲೆ ಸ್ವಲ್ಪ ಸಿಮೆಂಟ್ ಹಾಕಿಸಿ ಗಟ್ಟಿ ಮಾಡಿಬಿಡೋಣ. ಅವರಿಗೂ ಸ್ಮಾರಕದ ಥರ ಆಗುತ್ತೆ, ನಿಮಗೂ ಆಂಕರ್ ಅಲ್ಲಾಡಲ್ಲ," ಎಂದರು. ಕೇಳಲು ನ್ಯಾಯವಾಗಿಯೇ ಇತ್ತು. ಅವಳನ್ನು ಕೇಳಿದೆ.

"ಸಿಮೆಂಟ್ ಹಾಕಿದ್ರೆ ನಾಳೆ ತಂದ ಕಲ್ಲು ಎಲ್ಲಿಡಾದು?" ಎಂದಳು.

ಗುಡ್ಡೆ ಬೆಳೆಯಲಿ, ಅದರ ಹಿಂದೆ ನಾನೇ ಓಡುತ್ತೇನೆ ಎಂದು ಮೇಲ್ವಿಚಾರಕರನ್ನು ಒಪ್ಪಿಸಿದೆ. ವಾರ ವಾರ ಹೋಗಿ ಹೊಸದಾಗಿ ಸ್ಕ್ಯಾನ್ ಮಾಡಿ ನಕ್ಷೆಗೆ ಸೇರಿಸುವುದು. ಕಚೇರಿಯವರು ಗೊಣಗಿದರು. ನನಗೆ ಮಾತ್ರ ಆ ವಾರದ ದಿನ ಬಂದರೆ ಒಂಥರಾ ಖುಷಿ. ಅವಳು ಕುರಿಗಳನ್ನು ಅಡ್ಡ ಹಾಕಿ ನನ್ನ ಪಕ್ಕ ಕೂರುತ್ತಿದ್ದಳು. ಹಳೆಯ ಸ್ಕ್ಯಾನುಗಳನ್ನು ಒಂದಾದ ಮೇಲೊಂದು ತೋರಿಸಿದರೆ ಪರದೆಯಲ್ಲಿ ಗುಡ್ಡೆ ಮೆಲ್ಲಗೆ ಏಳುತ್ತಿತ್ತು. "ಈ ಕೆಂಪಂದು ನಮ್ಮತ್ತೆ ಇಟ್ಟಿದ್ದು. ಅದು ದೇವಸಮುದ್ರದಿಂದ ನಮ್ಮ ಮೈದುನ ಬಂದಾಗ ಇಟ್ಟಿದ್ದು, ಬಸ್ಸಿನಾಗೆ ತಂದಿದ್ದ, ಕಂಡಕ್ಟರು ಬೈದ್ನಂತೆ," ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ನಾನು ಇನ್ನೂ ಒಂದು ಕಲ್ಲೂ ಇಟ್ಟಿರಲಿಲ್ಲ. ಸ್ಕ್ಯಾನ್ ಮುಗಿಸಿದ ಮೇಲೆ ಇಟ್ಟರೆ ನಾನೇ ನನ್ನ ನಕ್ಷೆ ಕೆಡಿಸಿದ ಹಾಗೆ, ಮುಂಚೆ ಇಡೋಣವೆಂದರೆ ದಾರಿಯಲ್ಲಿ ಆರಿಸಿ ತರಲು ಪ್ರತಿ ಸಲವೂ ಮರೆಯುತ್ತಿದ್ದೆ. "ಮೇಡಮ್ಮ, ನೀನು ಬಲೇ ಜಿಪುಣಿ," ಎಂದು ಅವಳು ಅಣಕಿಸುತ್ತಿದ್ದಳು.

ಆಮೇಲೆ ಮಳೆ ಹಿಡಿಯಿತು. ಒಳದಾರಿ ಕೆಸರಾಗಿ, ಬೈಕು ಹೂತು, ಎರಡು ವಾರ ಕಾವಲಿಗೆ ಹೋಗಲಾಗಲಿಲ್ಲ. ಮಳೆ ಬಿಟ್ಟ ಮೇಲೆ ಹೋದೆ. ಕಾಲುದಾರಿ ಅಗಲವಾಗಿತ್ತು. ಕೆಂಪು ಗ್ರಾವೆಲ್ ಹಾಸಿ, ಎರಡೂ ಬದಿಯ ನೆಲವನ್ನು ಟ್ರ್ಯಾಕ್ಟರಿನಿಂದ ಮಟ್ಟ ಮಾಡಿದ್ದರು. ನಾನು ಎಂದಿನಂತೆ ಫೋನು ಎತ್ತಿ ಹಿಡಿದು ನಡೆದೆ. ಕವಲಿನ ಹತ್ತಿರ ಬಂದಿರಬೇಕು ಅನ್ನಿಸಿದಾಗ ಬಾಣ ಮಾಯವಾಗಿ, ಪರದೆಯ ಮೇಲೆ ನಾವೇ ಬರೆದಿಟ್ಟ ಸಾಲು ಬಂತು: 'ಗುರುತು ಸಿಗುತ್ತಿಲ್ಲ. ಫೋನನ್ನು ನಿಧಾನವಾಗಿ ಸುತ್ತ ತಿರುಗಿಸಿ.' ನಾನು ತಿರುಗಿಸಿದೆ. ಪರದೆಯಲ್ಲಿ ಹುಲ್ಲು, ಮಣ್ಣು, ಮತ್ತೆ ಹುಲ್ಲು ಹಾದುಹೋಗಿ, ಕೊನೆಗೆ ಅವಳು ಬಂದಳು. ಕೈಯಲ್ಲಿ ಕಲ್ಲು ಹಿಡಿದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು. ಗುಡ್ಡೆ ಇರಲಿಲ್ಲ.

ಸ್ವಲ್ಪ ದೂರದಲ್ಲಿ ಟ್ರ್ಯಾಕ್ಟರು ನಿಂತಿತ್ತು. ಓಡಿಸುವವನು ಗಡಿಯಾಚೆಯ ಊರಿನವನು. "ಬಿಡಿ ಕಲ್ಲೆಲ್ಲ ತೆಗೆದು ತಗ್ಗಿಗೆ ತುಂಬು ಅಂದ್ರು, ತುಂಬ್ದೆ," ಎಂದ. ನನ್ನ ಮುಖ ನೋಡಿ ಗಾಬರಿಯಾಗಿ ತನ್ನ ಭಾಷೆಗೆ ಜಾರಿದ. "ರಾಳ್ಳೇ ಕದಮ್ಮಾ ಅನುಕುನ್ನಾ." ಬರೀ ಕಲ್ಲಲ್ಲವೇ ಅಂದುಕೊಂಡೆ ಎಂದ. ಏನೆಂದು ಬಿಡಿಸಿ ಹೇಳಿದ ಮೇಲೆ ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಾವ ತಗ್ಗಿಗೆ ಎಂದು ಕೇಳಿದೆ. ಆ ಕಲ್ಲುಗಳು ಪ್ರವೇಶದ ಹತ್ತಿರದ ತಗ್ಗಿನಲ್ಲಿ, ಗ್ರಾವೆಲ್ಲಿನ ಕೆಳಗೆ ಹೋಗಿದ್ದವು. ನಾನು ಅವುಗಳ ಮೇಲೆಯೇ ನಡೆದು ಬಂದಿದ್ದೆ.

"ಕಲ್ಲು ಹೋದ್ರೆ ಹೋಗ್ಲಿ ಬಿಡು," ಎಂದಳು ಅವಳು. "ಬ್ಯಾರೆ ತರ್ತೀವಿ. ಜಾಗ ತೋರ್ಸು. ನಿನ್ ಫೋನಿಗೆ ಗೊತ್ತೈತಲ್ಲ."

ಕಾವಲಿನ ಅಂಗುಲ ಅಂಗುಲ ಗೊತ್ತಿರುವ ಅವಳು ನನ್ನನ್ನು ಯಾಕೆ ಕೇಳುತ್ತಾಳೆ ಎಂದು ಒಂದು ಕ್ಷಣ ಅನ್ನಿಸಿತು. ಅದನ್ನು ಅವಳೇ ಹೇಳಿದಳು. "ನಾನು ಗುಡ್ಡೆ ನೋಡ್ಕಂಡು ಗುಡ್ಡೆತಾವ ಹೋಗ್ತಿದ್ದೆ. ನೆಲ ಯಾವಾಗ ನೋಡಿದ್ದೆ? ಈಗ ಹೊಸಾ ರೋಡ್ ಬಂದು ಎಲ್ಲಾ ಒಂದೇ ಥರ ಕಾಣ್ತೈತೆ."

ನನ್ನ ಫೋನಿನ ಕಥೆಯೂ ಅದೇ ಆಗಿತ್ತು. ಆ ಕವಲಿನಲ್ಲಿ ನಮ್ಮ ನಕ್ಷೆಗೆ ತಿಳಿದಿದ್ದೆಲ್ಲ ಗುಡ್ಡೆಯಿಂದ ತಿಳಿದದ್ದು. ದಾರಿ ಗುಡ್ಡೆಗೆ ಎಷ್ಟು ಬಲಕ್ಕಿದೆ, ಹಳ್ಳ ಗುಡ್ಡೆಯಿಂದ ಎಷ್ಟು ದೂರ ಎಂದು ಕೇಳಿದರೆ ಚಾಚೂ ತಪ್ಪದೆ ಹೇಳುತ್ತಿತ್ತು. ಗುಡ್ಡೆ ಎಲ್ಲಿದೆ ಎಂದು ಕೇಳಿದರೆ ಅದರ ಹತ್ತಿರ ಇದ್ದದ್ದು ಜಿ.ಪಿ.ಎಸ್. ಕೊಟ್ಟ ಒಂದು ಓಲಾಡುವ ಅಂದಾಜು ಮಾತ್ರ.

ಆದರೂ ಪ್ರಯತ್ನ ಬಿಡಲಿಲ್ಲ. ಪ್ರವೇಶದ ಬಂಡೆಯನ್ನು ಫೋನಿಗೆ ತೋರಿಸಿ, ಅಲ್ಲಿಂದ ಫೋನು ಅಲುಗದಂತೆ ನಡೆದು ಬಂದೆ. ಕೊನೆಯ ಸ್ಕ್ಯಾನಿನ ಗುಡ್ಡೆ ಬರಿ ನೆಲದ ಮೇಲೆ ಮೂಡಿತು. ಕೆಂಪು ಕಲ್ಲು, ಬಸ್ಸಿನಲ್ಲಿ ಬಂದ ಕಲ್ಲು, ಎಲ್ಲವೂ ಇದ್ದವು. "ಅಯ್ಯೋ, ಅದೇ, ಅದೇ," ಎಂದು ಅವಳು ಪರದೆ ನೋಡಿದ್ದೇ ತಡ ಅಲ್ಲಿಗೆ ಓಡಿಹೋಗಿ ಬಗ್ಗಿದಳು. ಪರದೆಯಲ್ಲಿ ಅವಳ ಮೈ ಗುಡ್ಡೆಯ ಹಿಂದೆ ಅರ್ಧ ಮರೆಯಾಯಿತು. ಈಗಲೇ ಇಡಬೇಡವೆಂದು ಕೂಗಿದೆ. ಖಾತ್ರಿ ಮಾಡಿಕೊಳ್ಳಲು ಮತ್ತೆ ಬಂಡೆಯಿಂದ ನಡೆದು ಬಂದೆ, ಗುಡ್ಡೆ ನಾಲ್ಕಾರು ಹೆಜ್ಜೆ ಆಚೆ ಮೂಡಿತು. ಗೋಕಟ್ಟೆಯ ಕಡೆಯಿಂದ ಬಂದರೆ ಇನ್ನೊಂದು ಕಡೆ, ಹೊಸ ದಾರಿಯ ಅಂಚಿನಲ್ಲಿ. ಹಳೆಯ ಫೋಟೋ ತೆಗೆದು, ಅದರ ಹಿನ್ನೆಲೆಯಲ್ಲಿ ಕಾಣುವ ಬೆಟ್ಟಗಳ ಜೊತೆ ಹೊಂದಿಸಿ ನೋಡಿದೆ. ಬೆಟ್ಟಗಳು ಅಷ್ಟು ದೂರದಲ್ಲಿದ್ದರೆ ನಾವು ಹತ್ತು ಹೆಜ್ಜೆ ಸರಿದರೂ ಅವು ಸರಿಯುವುದಿಲ್ಲ. ಅವಳು ಪ್ರತಿ ಸಲವೂ ಕಲ್ಲು ಹಿಡಿದು ಬರುತ್ತಿದ್ದಳು, ಪ್ರತಿ ಸಲವೂ ನಾನು ತಡಿ ಎನ್ನುತ್ತಿದ್ದೆ. ಕೊನೆಗೆ ಅವಳು ಪರದೆಯನ್ನು ನೋಡುವುದನ್ನೇ ಬಿಟ್ಟು ನನ್ನ ಮುಖ ನೋಡತೊಡಗಿದಳು. ನಾನು ಫೋನು ಕೆಳಗಿಳಿಸಿದೆ.

ಮೇಲ್ವಿಚಾರಕರಿಗೆ ಸುದ್ದಿ ಮುಟ್ಟಿತ್ತು. ಅವರೇ ಫೋನ್ ಮಾಡಿ, ಟ್ರ್ಯಾಕ್ಟರಿನವನಿಗೆ ಗುಡ್ಡೆಯ ವಿಷಯ ಹೇಳಿಸಲು ಮರೆತೆನೆಂದು ತುಂಬ ಬೇಜಾರು ಮಾಡಿಕೊಂಡರು. ಆಮೇಲೆ ದನಿ ತಗ್ಗಿಸಿ, "ಯಾವುದಾದ್ರೂ ಒಂದು ಜಾಗ ಇದೇ ಅಂತ ಹೇಳಿಬಿಡಿ. ನಿಮ್ಮ ಮಾತು ನಂಬ್ತಾರೆ. ಆ ಹೆಣ್ಣುಮಗಳಿಗೆ ಸಮಾಧಾನ ಆಗುತ್ತೆ," ಎಂದರು. ನನಗೂ ಅದೇ ಯೋಚನೆ ಬಂದಿತ್ತು. ಮೂರು ಜಾಗಗಳ ನಡುವೆ ಒಂದನ್ನು ಆರಿಸಿ ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು. ನಾಳೆ ಬರುತ್ತೇನೆಂದು ಅವಳಿಗೆ ಹೇಳಿ ಚಳ್ಳಕೆರೆಗೆ ಹೊರಟೆ.

ಅಂಗಡಿಯಲ್ಲಿ ಅಬ್ಬಾ ಒಂದು ಕಾರ್ಬುರೇಟರ್ ಬಿಚ್ಚುತ್ತಿದ್ದರು. ನಾನು ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿ, ಆಮೇಲೆ ಯಾಕೋ ಅಮ್ಮಿಯ ಗೋರಿಯ ವಿಷಯ ಕೇಳಿದೆ. ನಮ್ಮ ಮನೆಯ ಹೆಂಗಸರು ಖಬರಸ್ತಾನದೊಳಗೆ ಹೋಗುವ ರೂಢಿಯಿಲ್ಲ. ಅಮ್ಮಿ ತೀರಿಕೊಂಡಾಗಿನಿಂದ ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ಅಬ್ಬಾ ಗಾಡಿ ನಿಧಾನ ಮಾಡಿ, ಗೋಡೆಯಾಚೆ ಬೇವಿನ ಮರದ ಬುಡಕ್ಕೆ ಬೆರಳು ತೋರಿಸುತ್ತಿದ್ದರು. ನಾನು ಆ ಬುಡ ನೋಡಿ ದುವಾ ಮಾಡುತ್ತಿದ್ದೆ.

"ಅಬ್ಬಾ, ಬುಡದಿಂದ ಯಾವ ಕಡೆ? ಎಷ್ಟು ದೂರ?"

ಸ್ಪ್ಯಾನರ್ ನಿಂತಿತು. "ಬೇಟಾ, ಮಣ್ಣಿನ ಗೋರಿ. ಎಷ್ಟೋ ಮಳೆ ಬಂದು ಹೋದವು. ಪಕ್ಕದಾಗೆ ಬೇರೆಯವರದೂ ಬಂದವು. ಆಸುಪಾಸಿನಲ್ಲಿ ಐತೆ." ಸ್ವಲ್ಪ ತಡೆದು, "ನೀನು ಚಿಕ್ಕೋಳು. ಒಂದು ಜಾಗ ಬೇಕಿತ್ತು ನಿಂಗೆ," ಎಂದರು.

ನನಗೆ ಸಿಟ್ಟು ಬಂತು. ಗ್ರೀಸ್ ಮೆತ್ತಿದ ಅವರ ಕೈ ನೋಡಿದ ಮೇಲೆ ಅಳು ಬಂತು. ಅವರು ಪ್ರೀತಿಯಿಂದಲೇ ತೋರಿಸಿದ್ದ ಬೆರಳು ಅದು. ಆದರೂ ಇಷ್ಟು ವರ್ಷ ನಾನು ಮರವೊಂದನ್ನು ಮಾತಾಡಿಸಿದೆ ಅನ್ನಿಸಿ, ಅಮ್ಮಿ ಎರಡನೇ ಸಲ ಕಳೆದುಹೋದ ಹಾಗಾಯಿತು. ಗೊತ್ತಿಲ್ಲ ಬೇಟಾ ಎಂದಿದ್ದರೆ ನಾನು ಆ ಇಡೀ ಮೂಲೆಯನ್ನೇ ನೋಡಿ ದುವಾಕ್ಕೆ ಕೈ ಎತ್ತುತ್ತಿದ್ದೆ.

ಮರುದಿನ ಹೋದಾಗ ಅವಳು ಆಗಲೇ ಬಂದಿದ್ದಳು. ಅದೇ ಕಲ್ಲು ಸೆರಗಿನಲ್ಲಿತ್ತು. ನಾನು ಸುತ್ತಿಬಳಸಿ ಹೇಳಲಿಲ್ಲ. "ಅಕ್ಕ, ನಂಗೂ ಗೊತ್ತಾಗ್ತಿಲ್ಲ. ನನ್ನ ಫೋನಿಗೂ ಗೊತ್ತಾಗ್ತಿಲ್ಲ. ಇದೇ ಜಾಗ ಅಂತ ಒಂದು ತೋರಿಸಿದ್ರೆ ಅದು ಸುಳ್ಳಾಗುತ್ತೆ," ಎಂದೆ.

ಕುರಿಗಳು ಹೊಸ ದಾರಿ ದಾಟಿ ಹೋದವು. ಅವಳು ಅಳಲಿಲ್ಲ, ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು. "ಅಂದ್ರೆ ಏನೂ ಗೊತ್ತಿಲ್ಲ ಅಂತೀಯಾ?"

"ಏನೂ ಅಂತಲ್ಲ," ಎಂದು ನಕ್ಷೆ ತೆರೆದು ತೋರಿಸಿದೆ. ಮೂರೂ ಜಾಗಗಳನ್ನು ಒಳಗೆ ಸೇರಿಸಿ, ಜಿ.ಪಿ.ಎಸ್. ಓಲಾಡುವ ಅಷ್ಟನ್ನೂ ಸೇರಿಸಿ, ಒಂದು ನೀಲಿ ವೃತ್ತ ಹಾಕಿದ್ದೆ.

"ಇದೇನು, ಗೋಕಟ್ಟೆನಾ?"

"ಅಲ್ಲಕ್ಕ. ನಂಗೆ ಎಷ್ಟು ಗೊತ್ತಿಲ್ಲವೋ ಅಷ್ಟು ದೊಡ್ಡದು ಇದು. ಆದ್ರೆ ಇದ್ರ ಹೊರಗಿಲ್ಲ. ಅದನ್ನ ಮಾತ್ರ ಎದೆ ಮುಟ್ಕೊಂಡು ಹೇಳ್ತೀನಿ. ಇಷ್ಟರೊಳಗೇ ಎಲ್ಲೋ ಐತೆ."

"ಇಷ್ಟರೊಳಗೇ," ಎಂದಳು. "ನಡಿ, ತೋರ್ಸು ಆ ಗೆರೆ ಎಲ್ಲಿ ಬರ್ತೈತೆ."

ನಾನು ಫೋನಿನಲ್ಲಿ ವೃತ್ತವನ್ನು ನೆಲದ ಮೇಲೆ ಮೂಡಿಸಿದೆ. ಅಂಚಿನಲ್ಲಿ ಮುಂದೆ ನಾನು, ಹಿಂದೆ ಅವಳು ನಡೆದೆವು. ಶುರುವಾದ ಕಡೆಗೆ ಬಂದಾಗ ಅವಳು ಸೆರಗಿನ ಕಲ್ಲು ತೆಗೆದು ಗೆರೆಯ ಮೇಲಿಟ್ಟಳು. ಆ ವಾರದಲ್ಲಿ ಹಟ್ಟಿಯವರೆಲ್ಲ ಬಂದರು. ಟ್ರ್ಯಾಕ್ಟರಿನವನೂ ಒಂದು ದಿನ ಟವೆಲ್ಲಿನಲ್ಲಿ ಕಲ್ಲುಗಳನ್ನು ಕಟ್ಟಿ ತಂದು ಇಟ್ಟು ಹೋದ. ಗುಡ್ಡೆ ಇದ್ದ ಕಡೆ ಕಲ್ಲಿನ ಒಂದು ಬಳೆ ಬಂತು. ನಡುವೆ ಬರೀ ಚಿಗುರು ಹುಲ್ಲು. ಮೇಲ್ವಿಚಾರಕರು ಬಂದು ನೋಡಿದರು, ಹೊಸ ದಾರಿಯ ಒಂದು ಅಂಚನ್ನು ಕಡಿಸಿ ಹೊರಗೆ ಸರಿಸಿದರು. ನಾನು ಹಳದಿ ಬಾಣವನ್ನು ಬಳೆಯ ಸುತ್ತ ಬಳಸಿ ಬಲಕ್ಕೆ ತಿರುಗಿಸಿದೆ. ನಕ್ಷೆಯಲ್ಲಿ ಆ ಜಾಗ ಮುಟ್ಟಿದರೆ ಯಾವ ಹಕ್ಕಿಯ ವಿಷಯವೂ ತೆರೆಯುವುದಿಲ್ಲ. 'ಇಲ್ಲಿ ಒಳಗೆ ಕಾಲಿಡಬೇಡಿ' ಎಂದಷ್ಟೇ ಬರುತ್ತದೆ.

ಕೊನೆಯ ಸ್ಕ್ಯಾನಿನ ದಿನ ಬೈಕನ್ನು ರಸ್ತೆಯಲ್ಲೇ ಬಿಟ್ಟು ನಡೆದೆ, ದಾರಿಯಲ್ಲಿ ಒಂದು ಕಲ್ಲು ಆರಿಸಿಕೊಂಡೆ. ಅವಳು ಕುರಿಗಳನ್ನು ಬಳೆಯ ಹೊರಗಿನಿಂದ ಸುತ್ತಿಸಿಕೊಂಡು ಬರುತ್ತಿದ್ದಳು. ಕುರಿ ಬಾಯಿ ಹಾಕದ ಒಳಗಿನ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು.

"ಜೀವದಾಗಿದ್ದಾಗ ಈ ಕಂಬ್ಳಿ ಅಗಲದಾಗೆ ಮಲಗ್ತಿದ್ದ," ಎಂದಳು, ಹೆಗಲ ಮೇಲಿನದನ್ನು ಮುಟ್ಟಿ. "ಈಗ ನೋಡು, ಎಷ್ಟಗಲ ಬೇಕಾಗೈತೆ ಸಾಹೇಬ್ರಿಗೆ." ನಗಲು ಹೋದಳು, ನಗು ಅರ್ಧಕ್ಕೇ ನಿಂತು ಸೆರಗು ಬಾಯಿಗೆ ಬಂತು.

ನಾನು ಕಲ್ಲನ್ನು ಅಂಚಿನಲ್ಲಿಟ್ಟು ಎದ್ದೆ. ಹೇಳಬೇಕಾದ ಎರಡು ಮಾತು ಗೊತ್ತಿತ್ತು. ಯಾವ ಕಡೆ ಮುಖ ಮಾಡಿ ಹೇಳಬೇಕೆಂದು ಮಾತ್ರ ತಿಳಿಯದೆ ಹಾಗೆಯೇ ನಿಂತೆ.

"ಒಳಗೆ ನೋಡ್ಕಂಡು ಹೇಳು," ಎಂದಳು. "ಎಲ್ಲಿದ್ರೂ ಕೇಳಿಸ್ತೈತೆ."

ಬಂದು ಹೋದೆ, ಎಂದೆ. ನನ್ನ ಕಣ್ಣ ಮುಂದೆ ಇದ್ದದ್ದು ಆ ಹುಲ್ಲು, ಮತ್ತು ಚಳ್ಳಕೆರೆಯ ಖಬರಸ್ತಾನದ ಗೋಡೆಯಾಚೆಯ ಆ ಇಡೀ ಮೂಲೆ.